ಬಿಡಿಭಾಗ ಹೊಸದು, ಗೇರ್ ಮಾತ್ರ ಬೀಳುತ್ತಿಲ್ಲ

ಹೊಸ ಚೈನ್ ಬಂದಿದೆ, ಹಿಂದಿನ ಚಕ್ರಕ್ಕೆ ಹೊಸ ಫ್ರೀವೀಲ್ (ಹಲ್ಲುಗಾಲಿಗಳ ಗೊಂಚಲು) ಕೂತಿದೆ, ದುಡ್ಡೂ ಖರ್ಚಾಗಿದೆ. ಸೈಕಲ್ ಅಂಗಡಿಯಿಂದ ಹೊರಬಿದ್ದು ಮೊದಲ ಏರು ಹತ್ತುವಷ್ಟರಲ್ಲಿ ಪೆಡಲ್ ಒಮ್ಮೆ ಕುಸಿಯುತ್ತದೆ, ಚೈನ್ ಟಕ್ ಎಂದು ಹಾರುತ್ತದೆ, ಮೂರನೇ ಗೇರ್ ಕೇಳಿದರೆ ನಾಲ್ಕನೆಯದು ಬೀಳುತ್ತದೆ. ಹಳೆಯ ಸಾಮಾನಿದ್ದಾಗಲೇ ಚೆನ್ನಾಗಿತ್ತಲ್ಲ ಅನ್ನಿಸುತ್ತದೆ. ಬಳ್ಳಾರಿ, ಗಂಗಾವತಿ, ರಾಯಚೂರಿನ ಕಡೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ವೈರ್ ಸ್ವಲ್ಪ ಜಗ್ಗಿ ಕಟ್ಟಿದ್ರ ಸರಿ ಆಗ್ತದ್ರೀ.'

ಕೆಲವೊಮ್ಮೆ ಸರಿ ಆಗುವುದೂ ಉಂಟು. ಆದರೆ ಬಿಡಿಭಾಗ ಬದಲಿಸಿದ ಮೇಲೆ ಹುಟ್ಟುವ ಗೇರ್ ತೊಂದರೆ ಬಿಗಿತದ್ದಾಗಿರುವುದು ಕಡಿಮೆ, ಅಳತೆಯದ್ದಾಗಿರುವುದೇ ಹೆಚ್ಚು. ಹಳೆಯ ಚೈನ್, ಹಳೆಯ ಹಲ್ಲು, ಹಳೆಯ ವೈರ್ ಒಟ್ಟಿಗೆ ಸವೆಯುತ್ತ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಅವುಗಳಲ್ಲಿ ಒಂದನ್ನು ಕಿತ್ತು ಹೊಸದನ್ನು ಕೂರಿಸಿದ ಕೂಡಲೇ ಉಳಿದವುಗಳ ಸವೆತವೆಲ್ಲ ಬಯಲಿಗೆ ಬೀಳುತ್ತದೆ. ಹಾಗಾಗಿ ಗೇರ್ ಕೆಟ್ಟಾಗ ಕೈ ಮೊದಲು ಹೋಗುವ ಜಾಗ, ಅಂದರೆ ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನ ತಿರುಪು, ನಿಜವಾಗಿ ಕೊನೆಗೆ ಹೋಗಬೇಕಾದ ಜಾಗ. ಅದಕ್ಕಿಂತ ಮೊದಲು ನೋಡಬೇಕಾದದ್ದು ಬಹಳ ಇದೆ.

ನಮ್ಮ ಊರುಗಳ ಸೈಕಲ್ ಮೆಕಾನಿಕ್‌ಗಳ ಕೈ ಪಳಗಿದ್ದು ಒಂಟಿ ಗೇರಿನ ದೊಡ್ಡ ಸೈಕಲ್‌ಗಳ ಮೇಲೆ. ಕಡ್ಡಿ ಬಿಗಿದು ಡೊಂಕು ರಿಮ್ಮನ್ನು ನೆಟ್ಟಗೆ ತರುವ ಅವರ ಕೆಲಸ ನೋಡಲು ಚೆಂದ. ಆ ಸೈಕಲ್‌ನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಗೆ ಬೆಲೆ ಇರಲಿಲ್ಲ. ಗೇರ್ ಸೈಕಲ್‌ನಲ್ಲೂ ಮೊದಮೊದಲು ಇರಲಿಲ್ಲ. ಹಿಡಿಯನ್ನು ಬೆರಳಿನ ಅಂದಾಜಿನಲ್ಲಿ ತಳ್ಳಿ, ಚೈನ್ ಸದ್ದು ನಿಂತಲ್ಲಿ ನಿಲ್ಲಿಸಿದರೆ ಆಯಿತು. 1984ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಜಪಾನಿನ ಶಿಮಾನೊ ಕಂಪನಿ ತನ್ನ ಡ್ಯೂರಾ ಏಸ್ ಸಾಲಿನಲ್ಲಿ ಕ್ಲಿಕ್ ಎಂದು ಒಂದೊಂದೇ ಹೆಜ್ಜೆ ಸರಿಯುವ ಶಿಫ್ಟರ್, ಅಂದರೆ ಗೇರ್ ಬದಲಿಸುವ ಹಿಡಿ, ತಂದಿತು. ಅಲ್ಲಿಂದ ಅಂದಾಜಿನ ಕೆಲಸ ಬೆರಳಿನ ಕೈಯಿಂದ ತಪ್ಪಿ ಶಿಫ್ಟರ್ ಒಳಗಿನ ಕಚ್ಚುಗಳಿಗೆ ಹೋಯಿತು. ಕಚ್ಚಿಗೆ ಕಿವಿಯಿಲ್ಲ. ಒಂದು ಕ್ಲಿಕ್‌ಗೆ ಇಷ್ಟೇ ವೈರ್ ಎಳೆಯುತ್ತದೆ, ಉಳಿದ ಎಲ್ಲ ಭಾಗಗಳೂ ಆ ಅಳತೆಗೆ ತಕ್ಕಂತೆ ಇರಬೇಕು.

ಲೆಕ್ಕ ಹೀಗಿದೆ. ಶಿಮಾನೊದ 8 ಗೇರಿನ (ಹಿಂದೆ ಎಂಟು ಹಲ್ಲುಗಾಲಿಗಳಿಗೆ ಹೊಂದುವ) ಶಿಫ್ಟರ್ ಒಂದು ಕ್ಲಿಕ್‌ಗೆ ಸುಮಾರು 2.8 ಮಿ.ಮೀ. ವೈರ್ ಎಳೆಯುತ್ತದೆ. ಅದಕ್ಕೆ ಹೊಂದುವ ಡಿರೇಲರ್ ಆ ಎಳೆತವನ್ನು 1.7 ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ. ಗುಣಿಸಿದರೆ 4.76. ಹಿಂದಿನ ಹಲ್ಲುಗಾಲಿಗಳ ನಡುವಿನ ದೂರ 4.8 ಮಿ.ಮೀ. ಈಗ ವೈರ್ ಎಲ್ಲೋ ಒಂದು ಕಡೆ ಬರೀ ಅರ್ಧ ಮಿ.ಮೀ. ನುಂಗಿಕೊಂಡಿತು ಎನ್ನಿ. ಚೈನ್ ಬಳಿ ಅದು 0.85 ಮಿ.ಮೀ. ತಪ್ಪಾಗಿ ಕಾಣಿಸಿಕೊಳ್ಳುತ್ತದೆ, ಗೇರ್ ಕಟಕಟ ಎನ್ನಲು ಅಷ್ಟು ಸಾಕು. ಕೆಳಗೆ ಬರುವ ಮಾತಿಗೆಲ್ಲ ಈ ಲೆಕ್ಕವೇ ಬುನಾದಿ.

ಪಾನಾ ಹಿಡಿಯುವ ಮುನ್ನ ತೊಂದರೆಗೆ ಸರಿಯಾದ ಹೆಸರಿಡಬೇಕು. ಚೈನ್ ಹಾರುವುದು ಬೇರೆ, ಗೇರ್ ಜಾರುವುದು ಬೇರೆ. ಒತ್ತಿ ತುಳಿದಾಗ ಚೈನ್ ಹಲ್ಲಿನ ತಲೆ ಮೇಲೆ ಹತ್ತಿ ಮತ್ತೆ ಅದೇ ಹಲ್ಲುಗಾಲಿಯ ಮೇಲೆ ಬಿದ್ದರೆ ಅದು ಹಾರುವುದು. ಇದಕ್ಕೆ ಕಾರಣ ಸವೆತ, ಇಲ್ಲವೇ ಬಿಗಿದುಕೊಂಡ ಕೊಂಡಿ. ಕೇಳದೇ ಚೈನ್ ಪಕ್ಕದ ಗಾಲಿಗೆ ಹೋದರೆ ಅದು ಜಾರುವುದು. ಇದಕ್ಕೆ ವೈರ್, ಹ್ಯಾಂಗರ್ (ಡಿರೇಲರ್ ತೂಗುವ ಕಿವಿ) ಅಥವಾ ಒಂದಕ್ಕೊಂದು ಹೊಂದದ ಸಾಮಾನು ಕಾರಣ. ಮೊದಲನೆಯದನ್ನು ವೈರ್ ಜಗ್ಗಿ ಸರಿಪಡಿಸಲು ಆಗುವುದೇ ಇಲ್ಲ. ದಿನವಿಡೀ ತಿರುಪು ತಿರುಗಿಸಿದರೂ ಇಲ್ಲ.

ಸದ್ದಿಗೆ ಒಂದು ತಾಳವಿರುತ್ತದೆ, ಅದನ್ನು ಎಣಿಸಿ. ಸೀಟಿಗೆ ಹಗ್ಗ ಕಟ್ಟಿ ಸೈಕಲ್ಲನ್ನು ಜಂತಿಗೆ ತೂಗುಹಾಕಿ, ಕೈಯಿಂದ ಪೆಡಲ್ ತಿರುಗಿಸಿ. ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಟಕ್ ಎಂದರೆ ತೊಂದರೆ ಮುಂದಿನ ಹಲ್ಲುಗಾಲಿಯಲ್ಲಿದೆ: ಒಂದು ಹಲ್ಲು ಬಾಗಿದೆ ಅಥವಾ ಗಾಲಿಯೇ ಡೊಂಕಾಗಿದೆ. ಹಿಂದಿನ ಚಕ್ರದ ಸುತ್ತಿಗೊಮ್ಮೆ ಬಂದರೆ ಫ್ರೀವೀಲ್ ಅಥವಾ ಕ್ಯಾಸೆಟ್ (ಚಕ್ರದ ನಡುವಿನ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಗಾಲಿ ಗೊಂಚಲು) ನೋಡಿ. ಎರಡಕ್ಕೂ ಹೊಂದದೆ, ಪೆಡಲ್‌ನ ಎರಡೂವರೆ ಸುತ್ತು ದಾಟಿದ ಮೇಲೊಮ್ಮೆ ಬಂದರೆ ಅದು ಚೈನಿನ ಕೊಂಡಿ. 110 ಕೊಂಡಿಯ ಚೈನ್ 42 ಹಲ್ಲಿನ ಗಾಲಿಯ ಮೇಲೆ ಪೂರ್ತಿ ಒಂದು ಸುತ್ತು ಬರಲು ಪೆಡಲ್ 2.6 ಸುತ್ತು ತಿರುಗಬೇಕು, ಅದಕ್ಕೇ ಆ ಅಂತರ. ಹೊಸ ಚೈನ್ ಜೋಡಿಸಿದ ಪಿನ್ ಇರುವಲ್ಲೇ ಸಾಮಾನ್ಯವಾಗಿ ಕೊಂಡಿ ಬಿಗಿದಿರುತ್ತದೆ. ಚೈನನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಮೆಲ್ಲಗೆ ಬಾಗಿಸಿದರೆ ಅದು ಸಡಿಲಗೊಳ್ಳುತ್ತದೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಯೂ ಇದನ್ನು ನೋಡಬಹುದು, ಆದರೆ ಹಾಗೆ ನಿಲ್ಲಿಸಿದಾಗ ಹ್ಯಾಂಡಲ್ ಬಳಿಯ ವೈರ್ ಮಡಚಿಕೊಂಡು ಹೊಸ ತೊಂದರೆ ತೋರಿಸುವುದುಂಟು. ತೂಗುಹಾಕುವುದೇ ಮೇಲು.

ಈಗ ಸವೆತ. ಚೈನ್ ಹಿಗ್ಗುತ್ತದೆ ಎನ್ನುವುದು ಮಾತಿಗೆ ಮಾತ್ರ. ಉಕ್ಕಿನ ತಗಡು ಹಿಗ್ಗುವುದಿಲ್ಲ, ಪಿನ್ನು ಮತ್ತು ಅದು ತಿರುಗುವ ಗೂಡು ಸವೆದು ಸಡಿಲವಾಗಿ ಒಟ್ಟು ಉದ್ದ ಬೆಳೆಯುತ್ತದೆ. ಅಳೆಯಲು ದುಬಾರಿ ಉಪಕರಣ ಬೇಡ, ಪುಸ್ತಕದಂಗಡಿಯ 12 ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಒಂದು ಕೊಂಡಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸ ಚೈನಾದರೆ 24 ಕೊಂಡಿ ದಾಟಿದ ಪಿನ್ ಸರಿಯಾಗಿ 12ರ ಗೆರೆ ಮೇಲಿರುತ್ತದೆ. ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿ.ಮೀ. ಮುಂದಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಆಗಲೇ ಬದಲಿಸಿದರೆ ಹಿಂದಿನ ಹಲ್ಲುಗಳು ಉಳಿಯುತ್ತವೆ. ಎಂಟನೇ ಒಂದು ಭಾಗ, ಅಂದರೆ ಸುಮಾರು ಮೂರು ಮಿ.ಮೀ. ಮುಂದಿದ್ದರೆ ಹಿಂದಿನ ಹಲ್ಲುಗಾಲಿಗಳೂ ಹೆಚ್ಚುಕಡಿಮೆ ಹೋದಂತೆಯೇ. ಕಳಚಿದ ಹಳೆಯ ಚೈನನ್ನು ಎಸೆಯಬೇಡಿ, ಅದನ್ನು ಅಳೆದರೇ ನಿಮ್ಮ ಹಲ್ಲುಗಳ ಆಯುಷ್ಯ ಗೊತ್ತಾಗುವುದು.

ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾರುವುದು ಎಲ್ಲ ಗೇರಿನಲ್ಲೂ ಅಲ್ಲ, ಹೆಚ್ಚು ಬಳಸಿದ ಗೇರಿನಲ್ಲಿ ಮಾತ್ರ. ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಸಮತಟ್ಟು ರಸ್ತೆಯಲ್ಲಿ ಓಡುವ ಸೈಕಲ್‌ನಲ್ಲಿ ಹಿಂದಿನ ಚಿಕ್ಕ ಮತ್ತು ನಡುವಿನ ಗಾಲಿಗಳೇ ಸವೆಯುವುದು. ದೊಡ್ಡ ಗಾಲಿ ಹೊಸದರಂತೆ ಹೊಳೆಯುತ್ತಿರುತ್ತದೆ. ಆದ್ದರಿಂದ ಎರಡು ಮೂರು ಗೇರಿನಲ್ಲಿ ಮಾತ್ರ ಹಾರಿ, ಉಳಿದವು ಸರಿಯಿದ್ದರೆ ತಿರುಪು ಮುಟ್ಟಬೇಡಿ, ಹಲ್ಲುಗಾಲಿ ಬದಲಿಸಿ. 'ನೂರು ಕಿಲೋಮೀಟರ್ ಓಡಿಸಿ, ಹೊಂದಿಕೊಳ್ತದ' ಎಂಬ ಮಾತನ್ನು ನಂಬಬೇಡಿ. ಸೀಟಿನಿಂದ ಎದ್ದು ತುಳಿಯುವಾಗ ಚೈನ್ ಹಾರಿದರೆ ಮೈಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಸಂಡೂರಿನ ಘಟ್ಟದಲ್ಲಿ ಹಿಂದೆ ಲಾರಿ ಇರುವಾಗ ಅದು ಬೇಡವೇ ಬೇಡ.

ಸಂಡೂರು, ತೋರಣಗಲ್ಲು, ಹೊಸಪೇಟೆ ಸುತ್ತಿನ ರಸ್ತೆಗಳಲ್ಲಿ ಅದಿರಿನ ಕೆಂಪು ಧೂಳು ಚೈನಿನ ಎಣ್ಣೆಯೊಡನೆ ಸೇರಿ ಮಸಿಯಾಗುತ್ತದೆ. ಮರಳೂ ಕೂಡಿಕೊಂಡಿತೆಂದರೆ ಆ ಮಸಿ ಪಿನ್ನುಗಳನ್ನು ಅರೆಯುವ ಅರಗಲ್ಲೇ ಆಗುತ್ತದೆ. ಇಂಥ ಕಡೆ ಚೈನಿಗೆ ಗ್ರೀಸ್ ಬಳಿಯುವುದು, ವಾಹನದ ಎಂಜಿನ್ ಆಯಿಲ್ ಸುರಿಯುವುದು ದೊಡ್ಡ ತಪ್ಪು. ತೆಳ್ಳಗಿನ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದೇ ಹನಿ ಬಿಟ್ಟು, ಹತ್ತು ನಿಮಿಷ ಬಿಟ್ಟು, ಹೊರಗಿನದನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಬೇಕು. ಎಣ್ಣೆ ಬೇಕಿರುವುದು ಒಳಗೆ. ಹೊರಗೆ ಉಳಿದದ್ದು ಧೂಳಿಗೆ ಆಹ್ವಾನ.

ಸವೆತ ಇಲ್ಲವೆಂದಾದರೆ ಮುಂದಿನ ಪ್ರಶ್ನೆ, ತಂದ ಸಾಮಾನು ಈ ಸೈಕಲ್ಲಿಗೆ ಹೊಂದುವುದೇ? ಎಲ್ಲ ಚೈನಿನ ಕೊಂಡಿಯ ಉದ್ದ ಒಂದೇ, ಅಗಲ ಬೇರೆ. 6, 7, 8 ಗೇರಿನ ಚೈನ್ ಹೊರಗಿನಿಂದ ಸುಮಾರು 7.1 ಮಿ.ಮೀ. ಅಗಲ, 9 ಗೇರಿನದು 6.6ರ ಆಸುಪಾಸು; 10ರದು 6ಕ್ಕೆ ತುಸು ಕಡಿಮೆ; 11ರದು 5.5ರ ಸುತ್ತ. 9 ಗೇರಿನ ಕ್ಯಾಸೆಟ್ ಮೇಲೆ 8ರ ಚೈನ್ ಹಾಕಿದರೆ ಅದು ಪಕ್ಕದ ದೊಡ್ಡ ಗಾಲಿಗೆ ಸದಾ ಉಜ್ಜುತ್ತದೆ, ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಚೈನ್ ಸರಿಯಿದ್ದು ಜೋಡಿಸುವ ಕ್ವಿಕ್ ಲಿಂಕ್ ಮಾತ್ರ ಬೇರೆ ಗೇರಿನದಾದರೂ ತೊಂದರೆಯೇ: ಅಗಲದ್ದಾದರೆ ಆ ಒಂದು ಜಾಗದಲ್ಲಿ ಕಟಕಟ, ಕಿರಿದಾದರೆ ಕೊಂಡಿ ಮಡಚುವುದೇ ಇಲ್ಲ.

ಶಿಫ್ಟರ್ ಮತ್ತು ಡಿರೇಲರ್ ಜೋಡಿ ಇದಕ್ಕಿಂತ ಸೂಕ್ಷ್ಮ. ಶಿಮಾನೊದ ಹಳೆಯ 7, 8, 9 ಗೇರಿನ ಡಿರೇಲರ್‌ಗಳು ಬಹುಪಾಲು ಅದೇ 1.7ರ ಲೆಕ್ಕದವು. ಹಾಗಾಗಿ 8 ಗೇರಿನ ಶಿಫ್ಟರ್‌ಗೆ 9 ಗೇರಿನ ಡಿರೇಲರ್ ಹಾಕಿದರೂ ಕೆಲಸ ನಡೆಯುತ್ತದೆ; ಹೆಜ್ಜೆ ಎಷ್ಟೆಂದು ತೀರ್ಮಾನಿಸುವುದು ಶಿಫ್ಟರ್. ಆದರೆ ಬೆಟ್ಟದ ಸೈಕಲ್‌ಗಳ 10 ಗೇರಿನ ಸಾಲಿನಲ್ಲಿ ಆ ಲೆಕ್ಕ ಸುಮಾರು 1.2ಕ್ಕೆ ಇಳಿಯಿತು, ರಸ್ತೆ ಸೈಕಲ್‌ಗಳ 11 ಗೇರಿನಲ್ಲಿ 1.4 ಆಯಿತು. ಅತಿ ಹೆಚ್ಚು ಜನ ಎಡವುವುದು ಶಿಮಾನೊದ ರಸ್ತೆ ಸೈಕಲ್ ಸಾಲಾದ ಟಿಯಾಗ್ರಾ 4700ರಲ್ಲಿ. ಅದು 10 ಗೇರಿನದೇ, ಆದರೆ ಅದರ ಅಳತೆ 11 ಗೇರಿನ ರಸ್ತೆ ಸಾಲಿನ ಕಡೆಯದು. ಹಿಂದಿನ 10 ಗೇರಿನ ಶಿಫ್ಟರ್ ಜೊತೆ ಸೇರುವುದಿಲ್ಲ. ಹೀಗೆ ಹೊಂದದ ಜೋಡಿಯ ಗುರುತು ಸ್ಪಷ್ಟ: ಒಂದು ತುದಿಯ ಎರಡು ಗೇರ್ ಸರಿಮಾಡಿದರೆ ಇನ್ನೊಂದು ತುದಿಯವು ಕೆಡುತ್ತವೆ. ಅಲ್ಲಿ ಸರಿಮಾಡಿದರೆ ಇಲ್ಲಿ ಕೆಡುತ್ತವೆ. ಒಂದೊಂದು ಹೆಜ್ಜೆಯ ಸಣ್ಣ ತಪ್ಪು ಕೂಡಿಕೊಂಡು ಹೋಗುವುದರಿಂದ ನಡುವೆ ಎಲ್ಲೂ ನೆಮ್ಮದಿ ಸಿಗುವುದಿಲ್ಲ. ಇದು ಕಂಡಿತೆಂದರೆ ಪಾನಾ ಕೆಳಗಿಟ್ಟು ಬಿಡಿಭಾಗದ ಮೇಲೆ ಕೆತ್ತಿದ ಸಂಖ್ಯೆ ಓದಿ.

ನಮ್ಮಲ್ಲಿ ಹೆಚ್ಚಾಗಿ ಓಡುವ 21 ಗೇರಿನ (ಮುಂದೆ ಮೂರು, ಹಿಂದೆ ಏಳು ಗಾಲಿಯ) ಸೈಕಲ್‌ಗಳಲ್ಲಿ ಹಿಂದೆ ಇರುವುದು ಕ್ಯಾಸೆಟ್ ಅಲ್ಲ, ಹಬ್ಬಿನ ಥ್ರೆಡ್ಡಿಗೆ ತಿರುಗಿಸಿ ಕೂರಿಸುವ ಫ್ರೀವೀಲ್. ಹೊಸ ಫ್ರೀವೀಲ್ ಬೇರೆ ಕಂಪನಿಯದಾದರೆ ಅದರ ಚಿಕ್ಕ ಗಾಲಿ ಹಳೆಯದಿದ್ದ ಜಾಗಕ್ಕಿಂತ ಮಿಲಿಮೀಟರ್‌ನಷ್ಟು ಒಳಗೋ ಹೊರಗೋ ಕೂರಬಹುದು. ಆಗ ಎರಡೂ ಮಿತಿಯ ತಿರುಪುಗಳನ್ನು ಹೊಸದಾಗಿ ಹೊಂದಿಸಲೇಬೇಕು. ಕೂರಿಸುವ ಮುನ್ನ ಥ್ರೆಡ್ಡಿಗೆ ಗ್ರೀಸ್ ಹಚ್ಚುವುದನ್ನು ಮರೆತರೆ, ತುಳಿದಂತೆಲ್ಲ ಬಿಗಿಯುವ ಆ ಫ್ರೀವೀಲನ್ನು ಮುಂದೆ ಬಿಚ್ಚಲು ದೊಡ್ಡ ವೈಸ್ ಬೇಕಾಗುತ್ತದೆ. ಕ್ಯಾಸೆಟ್ ಇರುವ ಸೈಕಲ್‌ನಲ್ಲಿ ವಾಷರ್ ಲೆಕ್ಕ ತಪ್ಪಬಾರದು: 8, 9, 10 ಗೇರಿಗಾಗಿ ಮಾಡಿದ ಹಬ್ಬಿನ ಮೇಲೆ 7ರ ಕ್ಯಾಸೆಟ್ ಕೂರಿಸಲು ಹಿಂದೆ 4.5 ಮಿ.ಮೀ. ವಾಷರ್ ಬೇಕು, 11 ಗೇರಿನ ರಸ್ತೆ ಹಬ್ಬಿನ ಮೇಲೆ 8 ಅಥವಾ 9ರ ಕ್ಯಾಸೆಟ್ ಆದರೆ 1.85 ಮಿ.ಮೀ. ವಾಷರ್. ಅದಿಲ್ಲದಿದ್ದರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಗಾಲಿಗಳು ಗಡಗಡ ಆಡುತ್ತವೆ, ಗೇರ್ ಒಂದು ದಿನ ಬಿದ್ದಂತೆ ಇನ್ನೊಂದು ದಿನ ಬೀಳುವುದಿಲ್ಲ. ಲಾಕ್‌ರಿಂಗ್‌ಗೆ ಬೇಕಾದ ಬಿಗಿ ಸುಮಾರು 40 ನ್ಯೂಟನ್ ಮೀಟರ್. ಅಂದರೆ ಉದ್ದ ಹಿಡಿಯ ಪಾನಾದಲ್ಲಿ ಚೆನ್ನಾಗಿ ಒತ್ತಬೇಕು.

ಚೈನಿನ ಉದ್ದ. ಹಳೆಯ ಚೈನಿನಷ್ಟೇ ಕೊಂಡಿ ಎಣಿಸಿ ಕತ್ತರಿಸುವುದು ರೂಢಿ. ಹಿಂದಿನ ಗಾಲಿಯ ಹಲ್ಲಿನ ಸಂಖ್ಯೆ ಬದಲಾಗದಿದ್ದರೆ ಅದು ಸರಿಯೇ. ಆನೆಗೊಂದಿ, ಸಾಣಾಪುರದ ಕಡೆ ಏರಿಳಿತ ಹೆಚ್ಚೆಂದು 28 ಹಲ್ಲಿನ ಬದಲು 34 ಹಲ್ಲಿನ ದೊಡ್ಡ ಗಾಲಿ ಇರುವ ಫ್ರೀವೀಲ್ ತಂದರೆ ಹಳೆಯ ಲೆಕ್ಕ ಸಾಲದು. ಇಂಚಿನಲ್ಲಿ ಸೂತ್ರ ಇದು: ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರದ ಎರಡು ಪಟ್ಟು, ಅದಕ್ಕೆ ಮುಂದಿನ ದೊಡ್ಡ ಗಾಲಿಯ ಹಲ್ಲಿನ ಕಾಲು ಭಾಗ, ಹಿಂದಿನ ದೊಡ್ಡ ಗಾಲಿಯ ಹಲ್ಲಿನ ಕಾಲು ಭಾಗ, ಮೇಲೊಂದು. ದೂರ 440 ಮಿ.ಮೀ., ಅಂದರೆ 17.3 ಇಂಚು, ಮುಂದೆ 42 ಹಲ್ಲು, ಹಿಂದೆ 28 ಇದ್ದರೆ ಮೊತ್ತ 53.1 ಇಂಚು. ಮೇಲಿನ ಪೂರ್ಣ ಇಂಚಿಗೆ ಏರಿಸಿ 54, ಅಂದರೆ 108 ಕೊಂಡಿ. ಹಿಂದೆ 34 ಆದರೆ 54.6, ಅಂದರೆ 55 ಇಂಚು, 110 ಕೊಂಡಿ. ಎರಡು ಕೊಂಡಿ ಹೆಚ್ಚು ಬೇಕು. ಸೂತ್ರ ಬೇಡವೆಂದರೆ ಚೈನನ್ನು ಡಿರೇಲರ್ ಒಳಗೆ ತೂರಿಸದೆ ಮುಂದಿನ ಮತ್ತು ಹಿಂದಿನ ದೊಡ್ಡ ಗಾಲಿಗಳ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಗೆ ಇನ್ನೆರಡು ಕೊಂಡಿ ಸೇರಿಸಿ. ಚೈನ್ ಗಿಡ್ಡವಾದರೆ ಎರಡೂ ದೊಡ್ಡ ಗಾಲಿಗೆ ಹೋದ ಗಳಿಗೆಯಲ್ಲಿ ಡಿರೇಲರ್ ಬಿಲ್ಲಿನಂತೆ ಬಾಗಿ ಹ್ಯಾಂಗರ್ ಸಮೇತ ಕಿತ್ತುಬರಬಹುದು. ಉದ್ದವಾದರೆ ಎರಡೂ ಚಿಕ್ಕ ಗಾಲಿಯಲ್ಲಿ ಚೈನ್ ಜೋತುಬೀಳುತ್ತದೆ, ಅಷ್ಟೆ. ಅನುಮಾನವಿದ್ದರೆ ಉದ್ದದ ಕಡೆಗೇ ತಪ್ಪಿ.

ಚೈನ್ ಹಾಕುವಾಗ ಆಗುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ಡಿರೇಲರ್‌ನ ಎರಡು ಪುಟ್ಟ ಗಾಲಿಗಳ ನಡುವೆ ಪಂಜರದಿಂದ ಸಣ್ಣ ತಗಡಿನ ನಾಲಿಗೆಯೊಂದು ಚಾಚಿರುತ್ತದೆ. ಚೈನ್ ಅದರ ಒಳಬದಿಯಲ್ಲಿ ಹೋಗಬೇಕು. ಹೊರಬದಿಯಲ್ಲಿ ತೂರಿಸಿದರೂ ಪೆಡಲ್ ತಿರುಗುತ್ತದೆ, ಗೇರೂ ಒಂದಷ್ಟು ಬೀಳುತ್ತದೆ. ಆದರೆ ಕರಕರ ಉಜ್ಜುವ ಸದ್ದು ನಿಲ್ಲುವುದಿಲ್ಲ. ಅರ್ಧ ದಿನ ತಿರುಪು ತಿರುಗಿಸಿದ ಮೇಲೆ ಕಣ್ಣಿಗೆ ಬೀಳುವ ತಪ್ಪಿದು. ಪುಟ್ಟ ಗಾಲಿಗಳನ್ನು ಬಿಚ್ಚಿ ತೊಳೆದಿದ್ದರೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿಲ್ಲವಷ್ಟೇ ಎಂದು ನೋಡಿ. ಶಿಮಾನೊದಲ್ಲಿ ಮೇಲಿನ ಗಾಲಿಗೆ ಅಕ್ಕಪಕ್ಕ ತುಸು ಆಡುವ ಸಡಿಲ ಬೇಕೆಂದೇ ಇಟ್ಟಿರುತ್ತಾರೆ, ಸಣ್ಣಪುಟ್ಟ ತಪ್ಪನ್ನು ಅದು ನುಂಗಿಕೊಳ್ಳುತ್ತದೆ. ಅದಲುಬದಲಾದರೆ ಆ ಗುಣ ಹೋಗುತ್ತದೆ.

ಈಗ ವೈರ್. ನಮ್ಮ ಊರುಗಳಲ್ಲಿ ಗೇರ್ ತೊಂದರೆಯ ದೊಡ್ಡ ಪಾಲು ಇಲ್ಲಿದೆ ಎಂದೇ ನನ್ನ ನಂಬಿಕೆ, ಅದಕ್ಕೆ ಬೆಲೆ ತೆರುವುದು ಮಾತ್ರ ಡಿರೇಲರ್.

ವೈರ್ ಹಾಯುವ ಹೊರಕವಚವೇ ಔಟರ್. ಬ್ರೇಕ್ ಔಟರ್ ಮತ್ತು ಗೇರ್ ಔಟರ್ ಹೊರಗಿನಿಂದ ಒಂದೇ ಥರ ಕಪ್ಪಗಿರುತ್ತವೆ. ತುದಿ ನೋಡಿದರೆ ಗೊತ್ತಾಗುತ್ತದೆ. ಬ್ರೇಕಿನದು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ಒಳಗೆ ಚಪ್ಪಟೆ ತಂತಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಗೇರಿನದು 4 ಮಿ.ಮೀ., ಒಳಗೆ ಸಣ್ಣ ಸಣ್ಣ ತಂತಿಗಳು ಪೊರಕೆ ಕಡ್ಡಿಯಂತೆ ಉದ್ದುದ್ದಕ್ಕೆ ನಿಂತಿರುತ್ತವೆ. ಸುರುಳಿ ಔಟರ್ ಎಳೆದಾಗ ಕುಗ್ಗುತ್ತದೆ. ಬ್ರೇಕಿಗೆ ಅದು ನಡೆಯುತ್ತದೆ, ಗೇರಿಗೆ ನಡೆಯುವುದಿಲ್ಲ. ಮೇಲೆ ಹೇಳಿದ ಅರ್ಧ ಮಿಲಿಮೀಟರ್ ಕಳೆದುಹೋಗುವುದು ಇಲ್ಲೇ. ಅಂಗಡಿಯಲ್ಲಿ ಗೇರ್ ಔಟರ್ ಇಲ್ಲವೆಂದು ಬ್ರೇಕಿನದನ್ನು ಕತ್ತರಿಸಿ ಹಾಕಿದ್ದರೆ ಆ ಗೇರ್ ಎಂದೂ ಸ್ಥಿರವಾಗಿ ನಿಲ್ಲದು. ಇನ್ನು ಇದರ ತಿರುಗುಮುರುಗು, ಅಂದರೆ ಗೇರ್ ಔಟರನ್ನು ಬ್ರೇಕಿಗೆ ಹಾಕುವುದು, ಪ್ರಾಣಕ್ಕೇ ಅಪಾಯ: ಜೋರಾಗಿ ಬ್ರೇಕ್ ಹಿಡಿದಾಗ ಉದ್ದದ ತಂತಿಗಳು ಸೀಳಿ ಹೊರಬಂದು ಬ್ರೇಕೇ ಇಲ್ಲದಂತಾಗಬಹುದು. ಒಳಗಿನ ವೈರೂ ಬೇರೆ, ಗೇರಿನದು 1.2 ಮಿ.ಮೀ., ಬ್ರೇಕಿನದು 1.5 ಅಥವಾ 1.6.

ಔಟರನ್ನು ಇಕ್ಕಳದಲ್ಲಿ ಕಡಿದರೆ ತುದಿ ಚಪ್ಪಟೆಯಾಗಿ ಒಳಗಿನ ಪ್ಲಾಸ್ಟಿಕ್ ನಳಿಗೆ ಮುಚ್ಚಿಕೊಳ್ಳುತ್ತದೆ. ಹರಿತವಾದ ಕೇಬಲ್ ಕಟರ್‌ನಲ್ಲಿ ಕಡಿದು, ತುದಿಯನ್ನು ಅರದಿಂದ ಸಮ ಮಾಡಿ, ದಬ್ಬಣದ ಮೊನೆಯಿಂದ ನಳಿಗೆಯ ಬಾಯಿ ಬಿಡಿಸಿ, ಆಮೇಲೆ ಲೋಹದ ಟೋಪಿ ಹಾಕಬೇಕು. ಡಿರೇಲರ್ ಬಳಿ ಹಿಂದಕ್ಕೆ ಸುತ್ತಿ ಬರುವ ಕೊನೆಯ ತುಂಡು ಗಿಡ್ಡವಾಗಿ ಮುರಿದಂತೆ ಬಾಗಿರಬಾರದು, ಉದ್ದವಾಗಿ ಜೋತೂ ಬೀಳಬಾರದು, ನಯವಾದ ಕಮಾನಿನಂತಿರಬೇಕು. ನೀರು, ಧೂಳು ಮೊದಲು ಸೇರುವುದೂ ಈ ತುಂಡಿಗೇ. ಬೇರೆಲ್ಲ ಹಾಗೇ ಇಟ್ಟು ಇದೊಂದನ್ನೇ ಬದಲಿಸಿದರೂ ಎಷ್ಟೋ ಸಲ ಗೇರ್ ಸರಿಹೋಗುತ್ತದೆ.

ವೈರ್ ಉಜ್ಜುತ್ತಿದೆಯೇ ಎಂದು ತಿಳಿಯುವ ಬಗೆ ಸುಲಭ. ದೊಡ್ಡ ಗಾಲಿಗೆ ಏರುವಾಗ ಡಿರೇಲರನ್ನು ಎಳೆಯುವುದು ನಿಮ್ಮ ಹೆಬ್ಬೆರಳು. ಚಿಕ್ಕ ಗಾಲಿಗೆ ಇಳಿಯುವಾಗ ಎಳೆಯುವುದು ಡಿರೇಲರ್ ಒಳಗಿನ ಸ್ಪ್ರಿಂಗ್ ಮಾತ್ರ. ಹೆಬ್ಬೆರಳಿಗೆ ಬಲವಿದೆ, ಸ್ಪ್ರಿಂಗಿಗೆ ಅಷ್ಟಿಲ್ಲ. ಹಾಗಾಗಿ ಏರುವುದು ಸಲೀಸು, ಇಳಿಯುವುದು ತಡ ಎಂದರೆ ವೈರ್ ಎಲ್ಲೋ ಹಿಡಿದುಕೊಂಡಿದೆ. ಇಳಿಯುವುದು ಸಲೀಸು, ಏರುವುದು ತಡ ಎಂದರೆ ವೈರ್ ಸಡಿಲವಿದೆ, ಬ್ಯಾರಲ್ (ಔಟರ್ ತುದಿಯಲ್ಲಿ ವೈರಿನ ಬಿಗಿ ಹೊಂದಿಸುವ ಗುಂಡಿ) ತಿರುಗಿಸಿದರೆ ಸಾಕು. ಎರಡೂ ಕಡೆ ತಡವಾದರೆ ಉಜ್ಜಾಟವೋ ಬಾಗಿದ ಹ್ಯಾಂಗರೋ. ಉಜ್ಜಾಟದಲ್ಲಿ ವೈರ್ ಜಗ್ಗಿ ಕಟ್ಟಿದರೆ ತೊಂದರೆ ಇಮ್ಮಡಿಯಾಗುತ್ತದೆ, ಇಳಿಯುವುದು ಇನ್ನೂ ನಿಧಾನ.

ವೈರನ್ನು ಡಿರೇಲರ್‌ಗೆ ಬಿಗಿಯುವ ಬೋಲ್ಟಿನ ಕೆಳಗೆ ಒಂದು ಗೀರು ಇರುತ್ತದೆ. ವೈರ್ ಅದರೊಳಗೇ ಕೂರಬೇಕು. ಬೋಲ್ಟಿನ ಇನ್ನೊಂದು ಬದಿಯಿಂದ ಹಾಯಿಸಿ ಬಿಗಿದರೆ ಡಿರೇಲರ್‌ನ ತೋಳಿನ ಉದ್ದವೇ ಬದಲಾದಂತೆ, 1.7ರ ಲೆಕ್ಕ ತಪ್ಪಿ, ಹೊಂದದ ಸಾಮಾನು ಹಾಕಿದಂತೆಯೇ ಒಂದು ತುದಿ ಸರಿ, ಒಂದು ತುದಿ ತಪ್ಪು ಆಗುತ್ತದೆ. ಹೊಸ ಡಿರೇಲರ್ ಕೊಳ್ಳುವ ಮುನ್ನ ಈ ಗೀರನ್ನೊಮ್ಮೆ ನೋಡಿ.

ಶಿಫ್ಟರ್ ಒಳಗಿನ ಹಳೆಯ ಗ್ರೀಸ್ ಒಣಗಿ ಅಂಟಾಗುವುದೂ ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ವರ್ಷಗಟ್ಟಲೆ ಅಂಗಳದಲ್ಲಿ ನಿಂತ ಸೈಕಲ್ಲಿನ ಹಿಡಿ ಒತ್ತಿದರೆ ಕ್ಲಿಕ್ ಎನ್ನದೆ ಹಾಗೇ ವಾಪಸಾಗುತ್ತದೆ. ಅಂಥದ್ದು ಕೆಟ್ಟಿತೆಂದು ಎಸೆಯಬೇಡಿ. ಕೊಳೆ ಕರಗಿಸುವ ಸ್ಪ್ರೇ ಒಳಗೆ ಹೊಡೆದು, ಹಿಡಿಯನ್ನು ನಾಲ್ಕೈದು ಡಜನ್ ಸಲ ಆಡಿಸಿ, ಕೊಳಕು ಹರಿದುಹೋದ ಮೇಲೆ ತೆಳು ಎಣ್ಣೆ ಎರಡು ಹನಿ ಬಿಟ್ಟರೆ ಬಹಳ ಸಲ ಜೀವ ಬರುತ್ತದೆ.

ಹ್ಯಾಂಗರ್ ಎಂದರೆ ಡಿರೇಲರ್ ತೂಗುವ ಲೋಹದ ಕಿವಿ. ಸೈಕಲ್ ಬಲಮಗ್ಗುಲಿಗೆ ಒಂದು ಸಲ ಬಿದ್ದರೆ, ಬಸ್ಸಿನ ಮೇಲೆ ಹಗ್ಗ ಕಟ್ಟಿ ತಂದರೆ, ಗೋಡೆಗೆ ಬಲಬದಿ ಒರಗಿಸಿಟ್ಟರೆ ಅದು ಒಳಕ್ಕೆ ಬಾಗುತ್ತದೆ. ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿ: ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಗಾಲಿಯ ಸಮತಲದಲ್ಲೇ ನೇರ ಕೆಳಗೆ ಇಳಿಯಬೇಕು. ಕೆಳಗಿನದು ಕಡ್ಡಿಗಳ ಕಡೆ ವಾಲಿದ್ದರೆ ಬಾಗಿದೆ. ಸರಿಪಡಿಸಲು ಹ್ಯಾಂಗರ್‌ಗೆ ತಿರುಗಿಸಿ ಹಾಕುವ ಉದ್ದ ತೋಳಿನ ಅಳತೆಗೋಲಿದೆ. ರಿಮ್ಮಿನ ಸುತ್ತ ನಾಲ್ಕು ಕಡೆ ಅಳೆದಾಗ ವ್ಯತ್ಯಾಸ 4 ಮಿ.ಮೀ. ಒಳಗಿರಬೇಕು. ಅಲ್ಯೂಮಿನಿಯಂ ಹ್ಯಾಂಗರನ್ನು ಒಂದೆರಡು ಸಲ ನೆಟ್ಟಗೆ ಮಾಡಬಹುದು, ಮೇಲೆ ಮುರಿಯುತ್ತದೆ. ಅದಕ್ಕೆ ಅದೇ ಮಾದರಿಯ ಇನ್ನೊಂದನ್ನು ತರಿಸಿ ಮನೆಯಲ್ಲಿಟ್ಟುಕೊಳ್ಳುವುದು ಜಾಣತನ.

ಅಗ್ಗದ ಸೈಕಲ್‌ಗಳಲ್ಲಿ ಪ್ರತ್ಯೇಕ ಹ್ಯಾಂಗರ್ ಇರುವುದಿಲ್ಲ. ಡಿರೇಲರ್ ಒಂದು ಪಟ್ಟಿಯ ಮೇಲಿದ್ದು, ಆ ಪಟ್ಟಿ ಹಿಂದಿನ ಚಕ್ರದ ನಟ್ಟಿನಡಿ ಸಿಕ್ಕಿಕೊಂಡಿರುತ್ತದೆ. ಪಂಕ್ಚರ್ ತಿದ್ದಲು ಚಕ್ರ ಬಿಚ್ಚಿ ಕೂರಿಸಿದಾಗ ಆ ಪಟ್ಟಿ ತುಸು ತಿರುಗಿ ಕೂತರೂ ಗೇರೆಲ್ಲ ಹೋಯಿತು. ಫ್ರೀವೀಲ್ ಬದಲಿಸಿದ ಮೇಲೆ ಕಾಣುವ ತೊಂದರೆಗೆ ಇದು ಬಹು ಸಾಮಾನ್ಯ ಕಾರಣ. ನಟ್ಟು ಸಡಿಲಿಸಿ, ಅಚ್ಚು ಎರಡೂ ಕಡೆ ಕಚ್ಚಿನ ತುದಿಯವರೆಗೆ ಕೂತಿದೆಯೇ, ಪಟ್ಟಿ ಹಿಂದಿದ್ದ ಗುರುತಿನ ಮೇಲೇ ಇದೆಯೇ ನೋಡಿ ಬಿಗಿಯಿರಿ.

ಇಷ್ಟಾದ ಮೇಲೆ ತಿರುಪಿನ ಸರದಿ. ವೈರನ್ನು ಬೋಲ್ಟಿನಿಂದ ಬಿಡಿಸಿ, ಬ್ಯಾರಲ್ ಪೂರ್ತಿ ಒಳಕ್ಕೆ ತಿರುಗಿಸಿ ಒಂದು ಸುತ್ತು ಹಿಂದಕ್ಕೆ ತನ್ನಿ. ವೈರ್ ಇಲ್ಲದಾಗ ಡಿರೇಲರ್ ತಾನಾಗಿ ಚಿಕ್ಕ ಗಾಲಿಗೆ ಬಂದು ನಿಲ್ಲುತ್ತದೆ. 'ಎಚ್' ಎಂಬ ತಿರುಪಿನಿಂದ ಮೇಲಿನ ಪುಟ್ಟ ಗಾಲಿ ಚಿಕ್ಕ ಹಲ್ಲುಗಾಲಿಯ ನೇರ ಕೆಳಗೆ, ಕೂದಲೆಳೆ ಹೊರಗೆ ಇರುವಂತೆ ಮಾಡಿ. ಆಮೇಲೆ ಪೆಡಲ್ ತಿರುಗಿಸುತ್ತ ಡಿರೇಲರನ್ನು ಕೈಯಿಂದ ಒಳಕ್ಕೆ ತಳ್ಳಿ ದೊಡ್ಡ ಗಾಲಿಗೆ ಏರಿಸಿ, 'ಎಲ್' ತಿರುಪಿನಿಂದ ಅದರಾಚೆಗೆ ಹೋಗದಂತೆ ಕಟ್ಟಿಹಾಕಿ. ಈ ಎರಡನೆಯದರಲ್ಲಿ ಅವಸರ ಸಲ್ಲದು, ತಪ್ಪಿದರೆ ಚೈನ್ ಕಡ್ಡಿಗಳೊಳಗೆ ಬಿದ್ದು ಚಕ್ರವೇ ನಿಲ್ಲುತ್ತದೆ. ಮೂರನೆಯದು 'ಬಿ' ತಿರುಪು: ದೊಡ್ಡ ಗಾಲಿಯಲ್ಲಿರುವಾಗ ಅದರ ಹಲ್ಲಿನ ತುದಿಗೂ ಮೇಲಿನ ಪುಟ್ಟ ಗಾಲಿಗೂ 5, 6 ಮಿ.ಮೀ. ಸಂದು ಸಾಮಾನ್ಯವಾಗಿ ಸರಿ. 28ರಿಂದ 34ಕ್ಕೆ ಹೋದವರು ಇದನ್ನು ಬಿಗಿಯಲೇಬೇಕು, ಇಲ್ಲದಿದ್ದರೆ ಪುಟ್ಟ ಗಾಲಿ ಹಲ್ಲಿಗೇ ತಾಗುತ್ತದೆ. ಈಗ ಶಿಫ್ಟರನ್ನು ಚಿಕ್ಕ ಗಾಲಿಯ ಗೇರಿಗೆ ತಂದು, ವೈರನ್ನು ಕೈಯಿಂದ ಎಳೆದು ಹಿಡಿದು ಬೋಲ್ಟ್ ಬಿಗಿಯಿರಿ. ಒಂದು ಕ್ಲಿಕ್ ಕೊಟ್ಟು ಎರಡನೇ ಗಾಲಿಗೆ ಹೋಗಿ, ಮೂರನೆಯದನ್ನು ಚೈನ್ ಮುಟ್ಟಿ ಸದ್ದು ಬರುವವರೆಗೆ ಬ್ಯಾರಲನ್ನು ಹೊರಬರುವಂತೆ ಎಡಕ್ಕೆ ತಿರುಗಿಸಿ. ಸದ್ದು ಬಂದ ಮೇಲೆ ಅದು ನಿಲ್ಲುವಷ್ಟು ಮಾತ್ರ ಬಲಕ್ಕೆ. ಒಂದು ಸಲಕ್ಕೆ ಕಾಲು ಸುತ್ತು ಸಾಕು.

ಮುಂದಿನ ಡಿರೇಲರ್ ಬಗ್ಗೆ ಹೆಚ್ಚೇನಿಲ್ಲ. ಅದರ ಹೊರ ತಗಡು ದೊಡ್ಡ ಗಾಲಿಯ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿದ್ದು, ಗಾಲಿಗೆ ಸಮಾಂತರವಾಗಿರಬೇಕು. ಕ್ರ್ಯಾಂಕ್ ಅಥವಾ ಪೆಡಲ್ ಅಚ್ಚಿನ ಸೆಟ್ ಬದಲಿಸಿದವರು ಅಚ್ಚಿನ ಉದ್ದ ಹಳೆಯದರಷ್ಟೇ ಇದೆಯೇ ಎಂದು ನೋಡಿಕೊಳ್ಳಲಿ. ಹೆಚ್ಚಾದರೆ ಹೊರಗಿನ ಗಾಲಿ ಡಿರೇಲರ್‌ಗೆ ಎಟುಕುವುದಿಲ್ಲ.

ತೂಗುಹಾಕಿದ ಸೈಕಲ್‌ನಲ್ಲಿ ಗೇರ್ ಚೆನ್ನಾಗಿ ಬಿದ್ದಿತೆಂದು ಕೆಲಸ ಮುಗಿಸಬೇಡಿ. ಮೈಭಾರ ಬಿದ್ದಾಗಲೇ ನಿಜ ಗೊತ್ತಾಗುವುದು. ಊರ ರೈಲ್ವೆ ಮೇಲ್ಸೇತುವೆಯಂಥ ಏರಿನಲ್ಲಿ, ಹಿಂದೆ ವಾಹನವಿಲ್ಲದಾಗ, ಕೂತೇ ತುಳಿಯುತ್ತ ಪ್ರತಿ ಗೇರನ್ನೂ ಒಮ್ಮೆ ಏರಿಸಿ ಇಳಿಸಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗಿಳಿದರೆ ಮಣ್ಣು ಹಿಟ್ಟಿನಂತೆ ಮೆತ್ತಿಕೊಂಡು ಡಿರೇಲರ್ ತಿರುಗದಾಗುತ್ತದೆ; ಆಗ ಬಲವಂತವಾಗಿ ತುಳಿದರೆ ಹ್ಯಾಂಗರ್ ಮುರಿಯುವುದು ಖಂಡಿತ. ಇಳಿದು ಕಡ್ಡಿಯಿಂದ ಕೆರೆದು ತೆಗೆಯಿರಿ. ಸಿಂಧನೂರು, ಕಾರಟಗಿ ಕಡೆ ಭತ್ತದ ಕೊಯ್ಲಿನ ಹೊತ್ತಿಗೆ ರಸ್ತೆಯ ಹುಲ್ಲಿನ ಎಳೆ, ಹತ್ತಿಯ ನಾರು ಪುಟ್ಟ ಗಾಲಿಗಳ ಅಚ್ಚಿಗೆ, ಹಲ್ಲುಗಾಲಿಗಳ ಸಂದಿಗೆ ಸುತ್ತಿಕೊಳ್ಳುತ್ತವೆ. ಗೇರ್ ಇದ್ದಕ್ಕಿದ್ದಂತೆ ಜಾರತೊಡಗಿದರೆ ಮೊದಲು ಅಲ್ಲಿ ನೋಡಿ.

ಹೊಸ ವೈರ್ ಹಾಕಿದ ಹತ್ತು ಹದಿನೈದು ದಿನಕ್ಕೆ ಗೇರ್ ಮತ್ತೆ ತುಸು ತಡವಾಗಿ ಏರಿದರೆ ಗಾಬರಿ ಬೇಡ. ಔಟರ್ ತುದಿಗಳು ಟೋಪಿಯೊಳಗೆ ಒತ್ತಿ ಕೂತಿವೆ, ಅಷ್ಟೆ. ಬ್ಯಾರಲ್ ಕಾಲು ಅಥವಾ ಅರ್ಧ ಸುತ್ತು ಎಡಕ್ಕೆ ತಿರುಗಿಸಿದರೆ ಮುಗಿಯಿತು. ಒಂದು ಸಲ ಹೀಗಾಗುವುದು ಸಹಜ. ಎರಡನೇ ಸಲ, ಮೂರನೇ ಸಲವೂ ಬೇಕಾದರೆ ಶಿಫ್ಟರ್ ಬಾಯಿ ಬಿಚ್ಚಿ ವೈರಿನ ತಲೆಯ ಬಳಿ ನೋಡಿ. ಅಲ್ಲಿ ಒಂದೊಂದೇ ಎಳೆ ಹರಿಯುತ್ತಿರುತ್ತದೆ. ಪೂರ್ತಿ ಹರಿಯುವ ಮುನ್ನವೇ ವೈರ್ ಬದಲಿಸಿ. ತುಂಡಾದ ತಲೆ ಶಿಫ್ಟರ್ ಒಳಗೆ ಸಿಕ್ಕಿಕೊಂಡರೆ ಅದನ್ನು ಹೊರತೆಗೆಯುವುದು ಬಹಳ ಕಷ್ಟದ ಕೆಲಸ.